ಕತ್ತಿ ಎಷ್ಟು ಭಾರ, ಗದೆ ಯಾರಿಗೆ?

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ, ಅದರಲ್ಲಿ ಬರುವ ಮಧ್ಯಯುಗದ ಆಯುಧಗಳು. ಡ್ರ್ಯಾಗನ್ ಬಗ್ಗೆ ಒಬ್ಬರೂ ಕೇಳಿಲ್ಲ. ಎಲ್ಲರಿಗೂ ಕತ್ತಿಯದ್ದೇ ಚಿಂತೆ.

ಪ್ರಶ್ನೆ: ಗೆಳೆಯರಿಗಾಗಿ ಒಂದು ಆಟ ಬರೆಯುತ್ತಿದ್ದೇನೆ. ನಾಯಕನ ದೊಡ್ಡ ಕತ್ತಿಗೆ 12 ಕೆಜಿ ತೂಕ ಹಾಕಿದ್ದೆ. ಓದಿದ ಗೆಳೆಯ ನಕ್ಕುಬಿಟ್ಟ. ನಿಜವಾದ ಕತ್ತಿ ಎಷ್ಟು ತೂಗುತ್ತಿತ್ತು?

ಉತ್ತರ: ಬೇಜಾರು ಮಾಡ್ಕೋಬೇಡಿ, ಅವರು ನಕ್ಕಿದ್ದು ಸರಿಯಾಗೇ ಇದೆ. ಯುರೋಪಿನ ಮಧ್ಯಯುಗದ ಒಂದು ಕೈ ಕತ್ತಿ ಒಂದು ಕೆಜಿಗಿಂತ ಚೂರು ಹೆಚ್ಚು, ಅಷ್ಟೇ. ಎರಡೂ ಕೈ ಹಾಕಿ ಹಿಡಿಯಬಹುದಾದ ಲಾಂಗ್‌ಸ್ವೋರ್ಡ್ ಒಂದೂಕಾಲು ಕೆಜಿಯಿಂದ ಒಂದೂಮುಕ್ಕಾಲು. 1500ರ ಆಚೀಚೆ ಜರ್ಮನ್ ಕೂಲಿ ಸೈನಿಕರು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದ, ಹೆಚ್ಚುಕಮ್ಮಿ ಆಳೆತ್ತರದ ಕತ್ತಿ ಇದೆಯಲ್ಲ, ಅದು ಕೂಡ 2ರಿಂದ 3.5 ಕೆಜಿ ಒಳಗೇ. ಅದಕ್ಕಿಂತ ಭಾರದವು ಇವೆ. ಆದರೆ ಅವು ಮೆರವಣಿಗೆಗೆ ಮಾಡಿಸಿದವು, ಅವನ್ನು ಯಾರೂ ಯಾರ ಮೇಲೂ ಬೀಸುತ್ತಿರಲಿಲ್ಲ.

ಇನ್ನೊಂದು ಮಾತು. ತೂಕ ಎಷ್ಟು ಅನ್ನೋದಕ್ಕಿಂತ ತೂಕ ಎಲ್ಲಿದೆ ಅನ್ನೋದು ಕೈಗೆ ಬೇಗ ಗೊತ್ತಾಗುತ್ತದೆ. ಕತ್ತಿಯ ಹಿಡಿಯ ತುದಿಯಲ್ಲಿ ಒಂದು ಗುಂಡು ಇರುತ್ತದೆ, ಅಲಗು ತುದಿಗೆ ಹೋದಂತೆ ತೆಳುವಾಗುತ್ತದೆ. ಹಾಗಾಗಿ ಭಾರವೆಲ್ಲ ಕೈಯ ಹತ್ತಿರವೇ ಉಳಿಯುತ್ತದೆ, ತುದಿ ಹಗುರವಾಗಿ ತಿರುಗುತ್ತದೆ. ಅಷ್ಟೇ ತೂಕದ ಗದೆ ಕೊಟ್ಟು ನೋಡಿ, ಎರಡರಷ್ಟು ಭಾರ ಅನ್ನಿಸುತ್ತದೆ, ಯಾಕಂದ್ರೆ ಕಬ್ಬಿಣವೆಲ್ಲ ಆ ತುದಿಯಲ್ಲಿದೆ. ಅಂದಹಾಗೆ, ಅಲಗಿನ ಮಧ್ಯೆ ಉದ್ದಕ್ಕೂ ಇರುವ ಕಾಲುವೆ ರಕ್ತ ಹರಿಯಲಿ ಅಂತ ಇಟ್ಟಿದ್ದಲ್ಲ. ಗಟ್ಟಿತನ ಕೆಡದೆ ಭಾರ ಇಳಿಸೋಕೆ ಇಟ್ಟಿದ್ದು. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ತಿಂಗಳು ಮತ್ತೆ ಒಬ್ಬರು ಕೇಳುತ್ತಾರೆ!

ನಿಮ್ಮ ನಾಯಕನಿಗೆ 12 ಕೆಜಿ ಬೇಕೇ ಬೇಕು ಅಂದರೆ ಇಟ್ಟುಕೊಳ್ಳಿ, ಫ್ಯಾಂಟಸಿ ತಾನೇ. ಆದರೆ ಅವನು ಅದನ್ನು ಹೇಗೆ ಎತ್ತುತ್ತಾನೆ ಅಂತ ಕಥೆಯಲ್ಲಿ ಹೇಳಿ. ಅರ್ಧ ರಾಕ್ಷಸನೋ, ಕತ್ತಿಗೆ ಮಂತ್ರ ಹಾಕಿದ್ದಾರೋ, ಏನೋ ಒಂದು.

ಪ್ರಶ್ನೆ: ನಾನು ಆಟ ನಡೆಸುವವಳು. ನನ್ನ ಐದೂ ಜನ ಆಟಗಾರರು ಲಾಂಗ್‌ಸ್ವೋರ್ಡನ್ನೇ ಹಿಡಿದು ಕೂತಿದ್ದಾರೆ. ಈಟಿ, ಗದೆ, ಚೂರಿ ಯಾರಿಗೂ ಬೇಡ. ಏನು ಮಾಡಲಿ?

ಉತ್ತರ: ಅವರದೇನೂ ತಪ್ಪಿಲ್ಲ. ನಿಮ್ಮ ನಿಯಮದಲ್ಲಿ ಕತ್ತಿ ಎಲ್ಲಿ ಸೋಲುತ್ತದೆ, ಹೇಳಿ ನೋಡೋಣ. ಎಲ್ಲೂ ಸೋಲದಿದ್ದರೆ ಬೇರೆಯದನ್ನು ಯಾರಾದರೂ ಯಾಕೆ ಹೊರುತ್ತಾರೆ?

ಆ ಕಾಲದಲ್ಲಿ ಇಷ್ಟು ಬಗೆಯ ಆಯುಧ ಹುಟ್ಟಿದ್ದೇ ಎದುರಿಗಿದ್ದವನ ಮೈಮೇಲೆ ಏನಿತ್ತು ಅನ್ನೋದರಿಂದ. ಸಾವಿರಾರು ಸಣ್ಣ ಉಂಗುರಗಳನ್ನು, ಒಂದೊಂದನ್ನೂ ಸುತ್ತಲಿನ ನಾಲ್ಕಕ್ಕೆ ಸಿಕ್ಕಿಸಿ, ರಿವೆಟ್ ಹೊಡೆದು ಹೆಣೆದ ಉಂಗುರದ ಕವಚವನ್ನು ತಗೊಳ್ಳಿ. ತೂಕ ಸುಮಾರು 10 ಕೆಜಿ. ಅದರ ಮೇಲೆ ಕತ್ತಿಯಿಂದ ಎಷ್ಟು ಕೊಚ್ಚಿದರೂ ಸುಲಭಕ್ಕೆ ಕತ್ತರಿಸಲ್ಲ. ಚೂಪು ಮೊನೆಯಿಂದ ಬಲವಾಗಿ ತಿವಿದರೆ ಉಂಗುರ ಬಿರಿಯಬಹುದು. ಗದೆಯಿಂದ ಬಾರಿಸಿದರೆ ಉಂಗುರಕ್ಕೆ ಏನೂ ಆಗದೆ ಇರಬಹುದು, ಒಳಗಿನ ಮೂಳೆ ಮುರಿಯುತ್ತದೆ. ಅದಕ್ಕೇ ಅದರ ಕೆಳಗೆ ಹತ್ತಾರು ಪದರ ಬಟ್ಟೆ ಹೊಲಿದ ದಪ್ಪ ಅಂಗಿ ತೊಡುತ್ತಿದ್ದರು.

15ನೇ ಶತಮಾನಕ್ಕೆ ಬಂದರೆ ತಲೆಯಿಂದ ಕಾಲಿನವರೆಗೆ ಉಕ್ಕಿನ ತಗಡು. 20ರಿಂದ 25 ಕೆಜಿ. ಮೈಯೆಲ್ಲ ಹರಡಿಕೊಂಡಿರುವುದರಿಂದ ಅದರಲ್ಲಿ ಓಡಬಹುದು, ಬಿದ್ದರೆ ಏಳಬಹುದು, ಕುದುರೆ ಹತ್ತಬಹುದು. ಆಮೆಯ ಹಾಗೆ ಅಂಗಾತ ಬೀಳುತ್ತಾರೆ ಅನ್ನೋದು ಸುಮ್ನೆ ತಮಾಷೆ. ಈ ತಗಡಿನ ಮೇಲೆ ಕತ್ತಿಯ ಅಂಚು ಜಾರುತ್ತದೆ. ಆಗ ಕತ್ತಿಗಾರರು ಏನು ಮಾಡಿದರು ಗೊತ್ತಾ? ಒಂದು ಕೈಯಲ್ಲಿ ಅಲಗನ್ನೇ ನಡುವೆ ಹಿಡಿದು, ಕಂಕುಳಲ್ಲೋ ಮುಖವಾಡದ ಕಂಡಿಯಲ್ಲೋ ಮೊನೆ ತೂರಿಸಲು ನೋಡುತ್ತಿದ್ದರು. ಅದೂ ಆಗದಿದ್ದರೆ ಕತ್ತಿಯನ್ನು ತಿರುಗಿಸಿ, ಎರಡೂ ಕೈಯಲ್ಲಿ ಅಲಗು ಹಿಡಿದು, ಹಿಡಿಯ ಕಡೆಯಿಂದ ಸುತ್ತಿಗೆಯ ಹಾಗೆ ಬಡಿಯುತ್ತಿದ್ದರು. ಜರ್ಮನರು ಇದಕ್ಕೆ ಮೋರ್ಡ್‌ಹೌ, ಅಂದರೆ ಕೊಲೆಯ ಏಟು ಅಂತ ಕರೆದರು. ಹಾನ್ಸ್ ಟಾಲ್‌ಹೋಫರ್ ಅನ್ನೋ ಕತ್ತಿವರಸೆಯ ಗುರುವಿನ 1467ರ ಸಚಿತ್ರ ಕೈಪಿಡಿಯಲ್ಲಿ ಇಂಥ ಪಟ್ಟುಗಳನ್ನು ನೋಡಬಹುದು. ಕತ್ತಿಯನ್ನೇ ಸುತ್ತಿಗೆ ಮಾಡಿಕೊಳ್ಳಬೇಕಾಗಿ ಬಂತು ಅಂದರೆ, ಮೊದಲೇ ಸುತ್ತಿಗೆ ತಂದವನು ಜಾಣ ಅಲ್ವಾ? ತಗಡಿನ ಕಾಲದಲ್ಲಿ ಯುದ್ಧದ ಸುತ್ತಿಗೆ, ಏಣುಗಳಿರುವ ಗದೆ, ಆಳೆತ್ತರದ ಕೋಲಿಗೆ ಸುತ್ತಿಗೆಯನ್ನೂ ಮೊನೆಯನ್ನೂ ಕೂಡಿಸಿದ ಪೋಲ್‌ಆಕ್ಸ್ ಇವೆಲ್ಲ ಮೆರೆದದ್ದು ಇದಕ್ಕೇ.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಒಂದು ಸಣ್ಣ ಕೋಷ್ಟಕ ಬರೆಯಿರಿ. ಒಂದು ಕಡೆ ಬಟ್ಟೆ, ಉಂಗುರದ ಕವಚ, ತಗಡು. ಇನ್ನೊಂದು ಕಡೆ ಕೊಚ್ಚು, ತಿವಿ, ಬಡಿ. ಒಂಬತ್ತೇ ಮನೆ. ಬಟ್ಟೆಯ ಮೇಲೆ ಮೂರೂ ಪೂರ್ತಿ ನಡೆಯಲಿ. ಉಂಗುರದ ಮೇಲೆ ಕೊಚ್ಚಿದರೆ ಕಾಲು ಭಾಗ, ತಿವಿದರೆ ಮುಕ್ಕಾಲು, ಬಡಿದರೆ ಮುಕ್ಕಾಲು. ತಗಡಿನ ಮೇಲೆ ಕೊಚ್ಚಿದರೆ ಸೊನ್ನೆ, ತಿವಿಯಬೇಕಾದರೆ ಮೊದಲು ಹಿಡಿದು ಕೆಡವಬೇಕು, ಬಡಿದರೆ ಅರ್ಧ. ಅಂಕಗಳು ನನ್ನವು, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ.

ಈಟಿಗೆ ಬೇರೆಯದೇ ನ್ಯಾಯ. ಅದರ ಬಲ ಉದ್ದದಲ್ಲಿದೆ. ಎರಡು ಮೀಟರಿನ ಈಟಿ ಹಿಡಿದವನ ಹತ್ತಿರ ಕತ್ತಿಯವನು ಬರೋ ಹೊತ್ತಿಗೆ ಒಂದು ತಿವಿತ ಬಿದ್ದಿರುತ್ತದೆ. ಹಾಗಾಗಿ ಮೊದಲ ಏಟು ಯಾವಾಗಲೂ ಈಟಿಯದ್ದು ಅಂತ ನಿಯಮ ಮಾಡಿ. ಆದರೆ ಎದುರಾಳಿ ಮೊನೆ ದಾಟಿ ಒಳಗೆ ನುಗ್ಗಿದನೋ, ಈಟಿ ಬರೀ ಕೋಲು. ಇನ್ನೂ ಹತ್ತಿರ ಬಂದು ತಬ್ಬಿಕೊಂಡು ಬಿದ್ದರೆ ಕತ್ತಿಗೂ ಜಾಗ ಇಲ್ಲ, ಆಗ ಚೂರಿಯೇ ರಾಜ. ಒಂದೇ ಜಗಳದಲ್ಲಿ ಮೂರು ಆಯುಧಕ್ಕೂ ಸರದಿ ಬಂತು ನೋಡಿ.

ಹಾಗಾದರೆ ಕತ್ತಿ ಯಾಕೆ ಬೇಕು ಅಂತ ಈಗ ಅವರು ಕೇಳುತ್ತಾರೆ. ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಓಡಾಡಬಹುದಲ್ಲ, ಅದಕ್ಕೆ. ಹಾಲ್ಬರ್ಡ್, ಅಂದರೆ ಉದ್ದ ಕೋಲಿನ ತುದಿಗೆ ಕೊಡಲಿ ಕೂರಿಸಿದ ಆಯುಧ, ಹಿಡಿದು ಛತ್ರಕ್ಕೆ ಹೋದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ರಣರಂಗದಲ್ಲಿ ಹೆಚ್ಚಿನವರ ಮುಖ್ಯ ಆಯುಧ ಉದ್ದ ಕೋಲಿನದ್ದೇ, ಕತ್ತಿ ಅದು ಮುರಿದಾಗ ಎಳೆಯೋದು. ನಿಮ್ಮ ಆಟದ ಅರ್ಧ ಊರಿನಲ್ಲಿ, ಅರ್ಧ ಬಯಲಲ್ಲಿ ನಡೆದರೆ ಐವರೂ ತಾವಾಗಿಯೇ ಎರಡೆರಡು ಆಯುಧ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಬೆನ್ನ ಮೇಲಿನ ಒರೆಯಿಂದ ನನ್ನ ಪಾತ್ರ ಸರ್ರನೆ ಉದ್ದ ಕತ್ತಿ ಎಳೆಯಬಹುದಾ?

ಉತ್ತರ: ಬೆನ್ನಿಗೆ ಒಂದು ಮೀಟರಿನ ಕೋಲು ಕಟ್ಟಿಕೊಂಡು, ಹೆಗಲ ಮೇಲಿಂದ ಒಂದೇ ಕೈಯಲ್ಲಿ ಎಳೆದು ನೋಡಿ. ನಿಮ್ಮ ಕೈ ಮುಗಿಯುತ್ತದೆ, ಕೋಲು ಮುಗಿಯಲ್ಲ. ದಾರಿಯಲ್ಲಿ ಹೊರೋದಕ್ಕೆ ಬೆನ್ನು ಸರಿ. ಜಗಳಕ್ಕೆ ಸೊಂಟವೇ ಸರಿ.

ಪ್ರಶ್ನೆ: ಏಟು ಎಷ್ಟು ಜೋರು ಅಂತ ನೋಡೋಕೆ ದೊಡ್ಡ ಕೊಡಲಿಗೆ 12 ಮುಖದ ಒಂದು ದಾಳ, ದೊಡ್ಡ ಕತ್ತಿಗೆ 6 ಮುಖದ ಎರಡು ದಾಳ. ಎರಡರಲ್ಲೂ ಗರಿಷ್ಠ 12 ತಾನೇ, ವ್ಯತ್ಯಾಸ ಏನು ಬಂತು?

ಉತ್ತರ: ಬಹಳ ಬಂತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯಲ್ಲೂ ಇದೇ ಲೆಕ್ಕ ಇದೆ. ಒಂದು ದಾಳದಲ್ಲಿ 1ರಿಂದ 12ರವರೆಗೆ ಎಲ್ಲಕ್ಕೂ ಸಮ ಅವಕಾಶ, ಸರಾಸರಿ 6.5. ಎರಡು ದಾಳದಲ್ಲಿ ಕನಿಷ್ಠವೇ 2, ಸರಾಸರಿ 7, ಮತ್ತೆ ಮತ್ತೆ ಬೀಳೋದು 6, 7, 8. ಪೂರ್ತಿ 12 ಬೀಳಬೇಕಾದರೆ ಕೊಡಲಿಗೆ ಹನ್ನೆರಡರಲ್ಲಿ ಒಂದು ಅವಕಾಶ, ಕತ್ತಿಗೆ ಮೂವತ್ತಾರರಲ್ಲಿ ಒಂದು. 3 ಅಥವಾ ಅದಕ್ಕಿಂತ ಕಡಿಮೆ ಬಿದ್ದು ಮುಖ ಕೆಡೋದು ಕೊಡಲಿಯಲ್ಲಿ ನಾಲ್ಕರಲ್ಲೊಂದು ಸಲ, ಕತ್ತಿಯಲ್ಲಿ ಹನ್ನೆರಡರಲ್ಲೊಂದು ಸಲ. ಲೆಕ್ಕ ನೋಡುವವರು ಕತ್ತಿ ಹಿಡಿಯಲಿ. ನಾನಂತೂ ಕೊಡಲಿ, ಏನಾದರಾಗಲಿ ಅಂತ ಎಸೆಯೋ ಖುಷಿ ಬೇರೆ.

ಚಿತ್ರ ಬರೆಯುವವರಿಗೆ ಒಂದು ಮಾತು. ಕದನದ ಕೊಡಲಿ ಸೌದೆ ಸೀಳುವ ಕೊಡಲಿಯ ಹಾಗೆ ದಪ್ಪ ಇರಲಿಲ್ಲ. ಅಲಗು ಅಗಲ, ಆದರೆ ತೆಳ್ಳಗೆ. ಎರಡೂ ಕಡೆ ಬಾಯಿ ಇರುವ ಕೊಡಲಿ ಫ್ಯಾಂಟಸಿ ಮುಖಪುಟದಲ್ಲೇ ಹೆಚ್ಚು.

ಪ್ರಶ್ನೆ: ಬಿಲ್ಲು ಮೇಲೋ, ದಿಂಡಿಗೆ ಅಡ್ಡಲಾಗಿ ಬಿಲ್ಲು ಕೂರಿಸಿದ ಕ್ರಾಸ್‌ಬೋ ಮೇಲೋ? ನಮ್ಮಲ್ಲಿ ಇದಕ್ಕೇ ಜಗಳ.

ಉತ್ತರ: ಬಿಲ್ಲುಗಾರ ಅಂದ ಕೂಡಲೇ ಫ್ಯಾಂಟಸಿ ಕಥೆಗಳ ಎಲ್ಫ್, ಬಳುಕುವ ಮೈಯ ಯಕ್ಷನಂಥವನು, ಕಣ್ಣಿಗೆ ಬರುತ್ತದೆ. ಆದರೆ ನಿಜ ಬೇರೆ. ಇಂಗ್ಲೆಂಡಿನ ಮೇರಿ ರೋಸ್ ಅನ್ನೋ ಯುದ್ಧದ ಹಡಗು 1545ರಲ್ಲಿ ಮುಳುಗಿತ್ತು, ಅದರ ಉಳಿದ ಭಾಗವನ್ನು 1982ರಲ್ಲಿ ಮೇಲೆತ್ತಿದರು. ಆ ಹಡಗಿನಲ್ಲಿ 130ಕ್ಕೂ ಹೆಚ್ಚು ಇಡೀ ಲಾಂಗ್‌ಬೋಗಳು, ಅಂದರೆ ಆಳೆತ್ತರದ ಬಿಲ್ಲುಗಳು, ಸಿಕ್ಕಿವೆ. ಅವುಗಳ ಹೆದೆ ಎಳೆಯೋಕೆ 100ರಿಂದ 185 ಪೌಂಡ್, ಅಂದರೆ 45ರಿಂದ 84 ಕೆಜಿಯಷ್ಟು ಬಲ ಬೇಕಿತ್ತು ಅಂತ ಅಂದಾಜು. ಇದು ಎಲ್ಫ್ ಮೈಯವರ ಕೆಲಸ ಅಲ್ಲ. ಚಿಕ್ಕಂದಿನಿಂದ ಎಳೆದೆಳೆದು ಪಳಗಬೇಕು. ಅದಕ್ಕೇ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ 1363ರಲ್ಲಿ, ಹಬ್ಬದ ದಿನ ಚೆಂಡಾಟ ಬಿಟ್ಟು ಬಿಲ್ಲಿನ ಅಭ್ಯಾಸ ಮಾಡಿ ಅಂತ ಜನಕ್ಕೆ ಆಜ್ಞೆ ಹೊರಡಿಸಿದ. ಆಟದಲ್ಲಿ ಬಿಲ್ಲಿಗೆ ಚುರುಕುತನದ ಅಂಕ ಕೇಳುತ್ತಾರೆ. ನನ್ನ ಕೇಳಿದರೆ ಬಲದ ಅಂಕ ಕೇಳಬೇಕು.

ಕ್ರಾಸ್‌ಬೋಗೆ ಅಷ್ಟು ವರ್ಷದ ಸಾಧನೆ ಬೇಡ. ಗುರಿ ಇಟ್ಟು ಕೀಲು ಒತ್ತಿದರೆ ಆಯಿತು. 15ನೇ ಶತಮಾನದ ಉಕ್ಕಿನ ಕ್ರಾಸ್‌ಬೋಗಳಲ್ಲಿ ಕೆಲವಕ್ಕೆ 500 ಕೆಜಿಗೂ ಮೀರಿದ ಸೆಳೆತ, ರಾಟೆ ತಿರುಗಿಸಿಯೇ ಹೆದೆ ಎಳೆಯಬೇಕು. ಹಾಗಂತ ಬಾಣ ಹತ್ತು ಪಟ್ಟು ಜೋರಾಗಿ ಹೋಗಲ್ಲ. ಲಾಂಗ್‌ಬೋ ಹೆದೆ ಬಾಣವನ್ನು ಅರ್ಧ ಮೀಟರಿಗೂ ಹೆಚ್ಚು ದೂರ ತಳ್ಳಿದರೆ, ಇದರ ಹೆದೆ ತಳ್ಳೋದು 15 ಸೆಂಟಿಮೀಟರ್ ಆಸುಪಾಸು ಮಾತ್ರ. ಇವನು ರಾಟೆ ತಿರುಗಿಸಿ ಒಂದೋ ಎರಡೋ ಬಿಡುವಷ್ಟರಲ್ಲಿ ಪಳಗಿದ ಬಿಲ್ಲುಗಾರ ಆರೇಳು ಬಾಣ ಬಿಟ್ಟಿರುತ್ತಾನೆ.

ಹೀಗಾಗಿ ಬಯಲಿನಲ್ಲಿ ಬಿಲ್ಲು, ಕೋಟೆ ಗೋಡೆಯ ಮರೆಯಲ್ಲಿ ಕ್ರಾಸ್‌ಬೋ. ಸಿಂಹಹೃದಯ ಅಂತ ಹೆಸರಾದ ಇಂಗ್ಲೆಂಡಿನ ರಿಚರ್ಡ್ ದೊರೆಗೆ 1199ರಲ್ಲಿ ಫ್ರಾನ್ಸಿನ ಒಂದು ಸಣ್ಣ ಕೋಟೆಯ ಮೇಲಿಂದ ಬಂದ ಕ್ರಾಸ್‌ಬೋ ಬಾಣ ಹೆಗಲಿಗೆ ನಾಟಿತು. ಗಾಯ ಕೊಳೆಯಿತು, ಎರಡು ವಾರ ತುಂಬುವ ಮೊದಲೇ ತೀರಿಕೊಂಡ. ನಮ್ಮ ಆಟದಲ್ಲಿ ಏಟು ಬಿದ್ದವರು ಒಂದು ರಾತ್ರಿ ಮಲಗೆದ್ದರೆ ಎಲ್ಲ ವಾಸಿ!

ಪ್ರಶ್ನೆ: ಕೋಲು, ಸರಪಳಿ, ಮುಳ್ಳಿನ ಗುಂಡು. ಈ ಆಯುಧ ನಿಜಕ್ಕೂ ಇತ್ತಾ?

ಉತ್ತರ: ಹಳೆಯ ಚಿತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಆದರೆ ಸಂಗ್ರಹಾಲಯದಲ್ಲಿರುವ ಎಷ್ಟೋ ಮಾದರಿಗಳು ಆಮೇಲಿನ ಕಾಲದಲ್ಲಿ ಮಾಡಿದವು. ಖಂಡಿತವಾಗಿ ಇದ್ದದ್ದು ಅದರ ಅಣ್ಣ: ಕಾಳು ಬಡಿಯುವ ಉದ್ದ ಕೋಲಿನ ತುದಿಗೆ ಕಬ್ಬಿಣ ಹೊಡೆದು, ಎರಡೂ ಕೈಯಲ್ಲಿ ಬೀಸುವಂಥದ್ದು. 1419ರಿಂದ 1434ರ ತನಕ ಬೊಹೀಮಿಯಾದಲ್ಲಿ (ಈಗಿನ ಚೆಕ್ ದೇಶ) ಹುಸ್ಸೈಟ್ ರೈತರು, ಅಂದರೆ ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳು, ಗಾಡಿಗಳ ಕೋಟೆ ಕಟ್ಟಿ, ಇದನ್ನೇ ಹಿಡಿದು ಕವಚದ ಕುದುರೆ ಸವಾರರನ್ನು ಎದುರಿಸಿದರು. ಸರಪಳಿ ಗುಂಡು ಬೇಕೇ ಅಂದರೆ ಹೀಗೆ ಮಾಡಿ, ಗುರಾಣಿಯ ಅಂಕ ಅದಕ್ಕೆ ಲೆಕ್ಕವಿಲ್ಲ, ಆದರೆ ದಾಳದಲ್ಲಿ 1 ಬಿದ್ದರೆ ಏಟು ಬೀಸಿದವನಿಗೇ.

ಪ್ರಶ್ನೆ: ಮೇಜು ಬಿಟ್ಟು, ವೇಷ ಹಾಕಿ ಬಯಲಲ್ಲೇ ಆಡಬೇಕು ಅಂತಿದ್ದೇವೆ. ಪೈಪಿಗೆ ಫೋಮ್ ಸುತ್ತಿ ಕತ್ತಿ ಮಾಡಿದರೆ ಸಾಕಾ?

ಉತ್ತರ: ನಾನೂ ಮೊದಲು ಹಾಗೇ ಮಾಡಿದ್ದು. ಮೂರನೇ ಏಟಿಗೆ ಪೈಪಿನ ತುದಿ ಫೋಮ್ ತೂರಿ ಹೊರಗೆ ಬಂತು, ಗೆಳೆಯನ ಪಕ್ಕೆಗೆ ವಾರವಿಡೀ ನೀಲಿ ಗುರುತು. ತೆಳು ಪೈಪು ಒಡೆದರೆ ಇನ್ನೂ ಕಷ್ಟ, ಅದರ ಅಂಚು ಚೂಪಾಗಿರುತ್ತದೆ.

ಒಳಗಿನ ಕಡ್ಡಿಗೆ ಫೈಬರ್‌ಗ್ಲಾಸ್ ಒಳ್ಳೆಯದು. ಕಡ್ಡಿ ಕತ್ತಿಯ ತುದಿಯವರೆಗೆ ಹೋಗಬಾರದು, ಕೆಲವು ಸೆಂಟಿಮೀಟರ್ ಮೊದಲೇ ನಿಲ್ಲಬೇಕು, ಅದರ ತುದಿಗೆ ಚರ್ಮವನ್ನೋ ರಬ್ಬರನ್ನೋ ಟೋಪಿಯ ಹಾಗೆ ಅಂಟಿಸಬೇಕು. ಆಮೇಲೆ ಎರಡೂ ಕಡೆ ಒತ್ತಾದ ಫೋಮ್, ಮೇಲೆ ಲೇಟೆಕ್ಸ್ ಬಣ್ಣ. ಅಂಟು ಹಚ್ಚುವಾಗ ಕಿಟಕಿ ತೆಗೆದಿರಲಿ. ಲೇಟೆಕ್ಸ್ ಮೈಗೆ ಆಗದವರು ಗುಂಪಿನಲ್ಲಿ ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಇಷ್ಟೆಲ್ಲ ಮಾಡಿದರೂ ಇಂಥ ಕತ್ತಿಯಲ್ಲಿ ತಿವಿಯುವಂತಿಲ್ಲ, ಕಡ್ಡಿ ಒಳಗೇ ಇದೆ ತಾನೇ. ತಲೆಗೆ ಹೊಡೆಯುವಂತಿಲ್ಲ. ಏಟನ್ನು ತಾಗುವ ಮೊದಲೇ ಹಿಡಿದುಕೊಳ್ಳಬೇಕು.

ಪ್ರತಿ ಆಟಕ್ಕೆ ಮೊದಲು ಎಲ್ಲರ ಆಯುಧವನ್ನೂ ಒಬ್ಬರು ಕೈಯಲ್ಲಿ ಹಿಸುಕಿ ನೋಡಲಿ. ಕಡ್ಡಿ ಬೆರಳಿಗೆ ಸಿಕ್ಕಿದರೆ ಆ ಕತ್ತಿ ಅವತ್ತು ಪಕ್ಕಕ್ಕೆ. ಆಟ ಮುಗಿದ ಮೇಲೆ ತುದಿ ಊರಿ ಗೋಡೆಗೆ ಒರಗಿಸಬೇಡಿ, ಫೋಮ್ ಅಲ್ಲೇ ಸೊಟ್ಟಗಾಗುತ್ತದೆ. ಮಲಗಿಸಿಡಿ, ಬಿಸಿಲಿಂದ ದೂರ.