ಪ್ರತಿಕ್ರಿಯೆ: ಹೊರಗಿನ ಕರೆಂಟ್ ಮುಗಿದ್ಮ್ಯಾಲ ಒಳಗಿಂದೂ ಬೇಕೇನ್ರಿ?

ಸಿಂಧನೂರಿನ ಅಣ್ಣಾರ, ಅವ್ವಗ ಗರ್ಭಕೊರಳಿನ ಕ್ಯಾನ್ಸರ್, ಹೊರಗಿಂದ 25 ಸಲ ಕರೆಂಟ್ (ರೇಡಿಯೇಶನ್) ಆಯ್ತು, ಈಗ ಒಳಗಿಂದು ಬ್ಯಾಡಂದ್ರ ನಡೀತದೇನು, ಮಮ್ಮಕ್ಕಳು ಹತ್ರ ಹೋಗಬಹುದಾ ಅಂತ ಕೇಳೀರಿ. ಬ್ಯಾಡ ಅನ್ನಬ್ಯಾಡ್ರಿ. ಹೊರಗಿನ ಮಷೀನಿನ್ಯಾಗ ಡೋಸ್ ಇನ್ನೂ ಏರಿಸಿದ್ರ ಮುಂದಿನ ಮೂತ್ರಚೀಲ, ಹಿಂದಿನ ಗುದನಾಳಕ್ಕ ಪೆಟ್ಟು ಬೀಳ್ತದ, ಅದಕ್ಕ ಒಳಗಿನ ಕರೆಂಟ್, ಅಂದ್ರ ಬ್ರಾಕಿಥೆರಪಿ: ಸಣ್ಣ ನಳಿಗಿ ಇಟ್ಟು ಇರಿಡಿಯಮ್ ಅನ್ನೋ ವಿಕಿರಣ ಮೂಲಾನ ಗಡ್ಡಿ ಬಾಜೂಕ್ಕ ಒಯ್ತಾರ, ಎಚ್‌ಡಿಆರ್ (ಕಡಿಮಿ ಹೊತ್ತಿನ್ಯಾಗ ಜಾಸ್ತಿ ಡೋಸ್ ಕೊಡೋ ತರಹದ್ದು) ಆದ್ರ ಕೆಲವು ನಿಮಿಷಕ್ಕ ಅದು ವಾಪಸ್ ಮಷೀನಿಗೆ ಹೋಗ್ತದ, ಮೈಯಾಗ ಏನೂ ಉಳಿಯಂಗಿಲ್ಲ, ಮಮ್ಮಕ್ಕಳು ಬಾಜೂಕೇ ಮಲಗಲಿ. ಯಾರೋ ಹೇಳಿದ ಐಎಂಆರ್‌ಟಿ (ಗಡ್ಡಿ ಆಕಾರಕ್ಕ ಹೊಂದಿಸಿ ಕೊಡೋ ಕರೆಂಟ್) ಚಲೋನೇ, ಆದ್ರ ಅದೂ ಹೊರಗಿಂದೇ, ಇದಕ್ಕ ಬದಲಿ ಅಲ್ಲ. ಎರಡೂ ಸೇರಿ 8 ವಾರದೊಳಗ ಮುಗಿಬೇಕು ಅಂತಾರ, ಜಾತ್ರಿ ಗೀತ್ರಿ ಅಂತ ಮುಂದಕ್ಕ ಹಾಕಬ್ಯಾಡ್ರಿ. ಬೇಧಿ ಇದ್ರ ಡಾಕ್ಟರಿಗೆ ಹೇಳ್ರಿ, ಸದ್ಯಕ್ಕ ಖಾರದ ಚಟ್ನಿ ಬಿಡಿಸಿ ಮೊಸರನ್ನ ಕೊಡ್ರಿ.