ಕತ್ತಲೆಯಲ್ಲೇ ಮುಗಿಯುವ ಕೀರ್ತನೆ

ಧಾರವಾಡದಲ್ಲಿ ಬೆಳೆದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸಹೋದರಿಯೊಬ್ಬರ ಪತ್ರ ಈ ವಾರವಿಡೀ ನನ್ನನ್ನು ಕಾಡಿದೆ. ಚರ್ಚಿನ ಸಭೆಯ ಗಾನವೃಂದದಲ್ಲಿ ತಂದೆಯ ಪಕ್ಕ ನಿಂತು ಹಾಡು ಕಲಿತ ಇವರು ಈಗ ಆರಾಧನಾ ತಂಡವೊಂದಕ್ಕೆ ತಾವೇ ಹಾಡು ಕಟ್ಟಿ, ರಾಗ ಹಾಕಿ ಹಾಡುತ್ತಾರೆ. ಹೋದ ವರ್ಷ ತಂದೆ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಕೂತರೆ ಬಾಯಿಂದ ಮಾತೇ ಹೊರಡುವುದಿಲ್ಲವಂತೆ. ನಂಬಿಕೆ ಬತ್ತಿದ ಮೇಲೂ ಸ್ತುತಿಗೀತೆ ಹಾಡುವುದು ಮೋಸವಲ್ಲವೇ, ಬಿಟ್ಟುಬಿಡಲೇ ಎಂಬುದು ಅವರ ಪ್ರಶ್ನೆ.

ಸಹೋದರಿ, ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಸಂಗತಿಯೊಂದಿದೆ. ಮಣ್ಣು ಮುಗಿಸಿ ಮರಳಿದ ರಾತ್ರಿ ತಂದೆಯ ಹಾರ್ಮೋನಿಯಂ ಮುಂದೆ ಕೂತು, 'ಆಗ ನೀನೆಲ್ಲಿದ್ದೆ' ಎಂದು ದೇವರನ್ನೇ ಕೇಳುವ ಹಾಡು ಬರೆದಿರಿ. ತಂಡದ ಮುಖಂಡರು ಅದರಲ್ಲಿ ಜಯದ ಮಾತಿಲ್ಲವೆಂದು ಪಕ್ಕಕ್ಕಿಟ್ಟರು. ಅಂದಿನಿಂದ ಆ ಹಾರ್ಮೋನಿಯಂ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಂಚದ ಕೆಳಗಿದೆ. ನಿಮ್ಮ ಪ್ರಾರ್ಥನೆ ನಿಂತದ್ದು ಸಾವಿನಿಂದಲ್ಲ, ಆ ಮುಖಂಡರ ಮಾತಿನಿಂದ ಎಂದೇ ನಾನು ಭಾವಿಸುತ್ತೇನೆ.

ಅವರು ಸತ್ಯವೇದವನ್ನು, ಅಂದರೆ ಬೈಬಲನ್ನು, ಅರ್ಧವೇ ಓದಿದ್ದಾರೆ. ಅದರ ಕೀರ್ತನೆಗಳ ಪುಸ್ತಕದಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳಲೇ ಆಗಿದೆ. 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದರ ತಲೆಬರಹದಲ್ಲಿ ಪ್ರಧಾನಗಾಯಕನ ಉಲ್ಲೇಖವಿದೆ, ಎಂದರೆ ಅದು ಸಭೆಯಲ್ಲಿ ಹಾಡುವುದಕ್ಕೆಂದೇ ಕೊಟ್ಟದ್ದು. ಅಳುವ ಹಾಡಿಗೆ ಜಾಗವಿಲ್ಲದ ಸಭೆಯಲ್ಲಿ ನಗುವ ಹಾಡೂ ಹೆಚ್ಚು ಕಾಲ ನಿಜವಾಗಿ ಉಳಿಯದು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ.

ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ ಗುಲಾಮರ ಹಡಗಿನ ಕಪ್ತಾನನಾಗಿದ್ದು ಪಾದ್ರಿಯಾದ ಜಾನ್ ನ್ಯೂಟನ್ ಮತ್ತು ಕವಿ ವಿಲಿಯಂ ಕೂಪರ್ ಸೇರಿ ಗೀತೆಗಳನ್ನು ಬರೆಯುತ್ತಿದ್ದರು. 1773ರಲ್ಲಿ ಕೂಪರ್‌ಗೆ ತೀವ್ರ ಖಿನ್ನತೆ ಬಂದು, ದೇವರು ತನ್ನನ್ನು ತಳ್ಳಿಬಿಟ್ಟನೆಂಬ ಭಯ ಸಾಯುವವರೆಗೂ ಬಿಡಲಿಲ್ಲ. ನ್ಯೂಟನ್ ಅವನಿಗೆ ಜಯದ ಪಾಠ ಹೇಳಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲೇ ಇರಿಸಿಕೊಂಡು ನೋಡಿಕೊಂಡ. 1779ರಲ್ಲಿ ಅಚ್ಚಾದ ಅವರ ಗೀತಸಂಗ್ರಹದಲ್ಲಿ ಕೂಪರನ ಅರವತ್ತಕ್ಕೂ ಹೆಚ್ಚು ಹಾಡುಗಳಿವೆ, ಅವುಗಳಲ್ಲಿ ಕೆಲವನ್ನು ಇಂದಿಗೂ ಹಾಡುತ್ತಾರೆ. ಅವನನ್ನು ಮೋಸಗಾರನೆನ್ನಲು ನನಗೆ ಮನಸ್ಸು ಬಾರದು, ನಿಮ್ಮನ್ನೂ ಅಷ್ಟೇ. ನಂಬಿಕೆಯೇ ಇಲ್ಲದವರು 'ನೀನೆಲ್ಲಿದ್ದೆ' ಎಂದು ಕೇಳುವುದಾದರೂ ಯಾರನ್ನು?

ಆದರೆ ಒಂದು ಮಾತಿಗೆ ನೀವು ಬೇಸರಪಡಬಾರದು. ನಾಲ್ಕು ಪುಟಗಳ ಪತ್ರದಲ್ಲಿ ನಿಮ್ಮ ತಾಯಿಯ ಸುದ್ದಿಯೇ ಇಲ್ಲ. ಆ ರಾತ್ರಿ ಪಕ್ಕದ ಕೋಣೆಯಲ್ಲಿ ಅವರೂ ಎಚ್ಚರವಾಗಿಯೇ ಇದ್ದಿರಬೇಕು, ಅವರಿಗೂ ಅದೇ ಪ್ರಶ್ನೆ ಇದ್ದಿರಬೇಕು.

ಬರುವ ಶನಿವಾರ ಹಾರ್ಮೋನಿಯಂ ತೆಗೆದುಕೊಂಡು ಧಾರವಾಡಕ್ಕೆ ಹೋಗಿ, ಸಂಜೆಯ ಮನೆ ಪ್ರಾರ್ಥನೆಯಲ್ಲಿ ಆ ಹಾಡನ್ನು ಒಂದಕ್ಷರವೂ ತಿದ್ದದೆ ತಾಯಿಗೆ ಹಾಡಿ ಕೇಳಿಸಿ. ವರ್ಷದಿಂದ ಮುಟ್ಟದ ಪೆಟ್ಟಿಗೆ ಅದು. ತಿದಿ ಬಿರುಕು ಬಿಟ್ಟು ಗಾಳಿ ಸೋರುತ್ತಿದ್ದರೆ, ಧೂಳು ಕೂತು ಸ್ವರ ಹೊರಡದಿದ್ದರೆ ಹೊರಡುವ ಮೊದಲೇ ದುರಸ್ತಿ ಮಾಡಿಸಿಕೊಳ್ಳಿ. ತಂಡ ಬಿಡುವ ಮಾತು ಆಮೇಲೆ.