ಗ್ವಾದಲಹಾರಕ್ಕೆ ಬರುತ್ತಿರುವವರಿಗೆ: ಇಲ್ಲಿ ರಜೆ ಬೇರೆ, ಹಬ್ಬ ಬೇರೆ

ಸೆಪ್ಟೆಂಬರ್ ಮೊದಲ ವಾರ ಹೆಂಡತಿ ಜೊತೆ ಗ್ವಾದಲಹಾರಕ್ಕೆ ಬರುತ್ತಿದ್ದೇನೆ ಅಂತ ಬರೆದಿದ್ದೀರಿ. "ಅಕ್ಕಾ, ಮೆಕ್ಸಿಕೊದಲ್ಲಿ ವರ್ಷಕ್ಕೆ ಎಷ್ಟು ರಜೆ? ಹಬ್ಬ ಗಿಬ್ಬ ಇರುತ್ತಾ, ಇಲ್ಲಾ ಬರೀ ಆಫೀಸು, ಮನೆ ಅಷ್ಟೇನಾ? ದೀಪಾವಳಿಗೆ ರಜೆ ಸಿಗುತ್ತಾ?" ಅಂತ ಕೇಳಿದ್ದೀರಿ. ನಾನು ಬಂದು ಹನ್ನೊಂದು ವರ್ಷ ಆಯ್ತು. ಮೊದಲ ವರ್ಷ ಆಫೀಸಿನ ರಜಾ ಪಟ್ಟಿಯನ್ನೇ ನಂಬಿಕೊಂಡು ಪೇಚಿಗೆ ಸಿಕ್ಕಿದವಳು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಾನೂನಿನ ಪಟ್ಟಿ ತೀರಾ ಚಿಕ್ಕದು. ಜನವರಿ 1, ಮೇ 1, ಸೆಪ್ಟೆಂಬರ್ 16, ಡಿಸೆಂಬರ್ 25, ಜೊತೆಗೆ ಮೂರು ಸೋಮವಾರ. ಫೆಬ್ರವರಿಯದ್ದು 1917ರ ಸಂವಿಧಾನಕ್ಕೆ, ಮಾರ್ಚಿನದ್ದು ಹಿಂದಿನ ಅಧ್ಯಕ್ಷ ಬೆನಿತೊ ಹುವಾರೆಸ್ ಹುಟ್ಟುಹಬ್ಬಕ್ಕೆ, ನವೆಂಬರಿನದ್ದು 1910ರ ಕ್ರಾಂತಿಗೆ. ನಿಜವಾದ ತಾರೀಕು ಯಾವುದೇ ಇರಲಿ, ರಜೆ ಸೋಮವಾರಕ್ಕೆ. ಶನಿವಾರ, ಭಾನುವಾರ ಸೇರಿ ಮೂರು ದಿನ ಸಿಗುತ್ತೆ. ಇದಕ್ಕೆ 'ಪುವೆಂತೆ', ಅಂದರೆ ಸೇತುವೆ ಅನ್ನುತ್ತಾರೆ. ಆ ದಿನ ಹುವಾರೆಸರನ್ನು ನೆನೆಯುವವರಿಗಿಂತ ಬಟ್ಟೆ ಒಗೆಯುವವರೇ ಜಾಸ್ತಿ.

ಊರಿಗೆ ಊರೇ ನಿಲ್ಲುವ ದಿನಗಳು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಚರ್ಚು ಬೇರೆ, ಸರ್ಕಾರ ಬೇರೆ ಅಂತ ಇಲ್ಲಿ ಗೆರೆ ಎಳೆದದ್ದು 19ನೇ ಶತಮಾನದಲ್ಲಿ, ಇದೇ ಹುವಾರೆಸ್ ಕಾಲದಲ್ಲಿ. ಹಾಗಾಗಿ ಕ್ರಿಸ್ಮಸ್ ಬಿಟ್ಟರೆ ದೇವರ ಹಬ್ಬಕ್ಕೆ ಕಾನೂನಿನ ರಜೆ ಇಲ್ಲ. ಗೆರೆ ಎಳೆದವರಿಗೆ ಮಾತ್ರ ರಜೆ ಇದೆ! ಆದರೆ ಬ್ಯಾಂಕು, ಶಾಲೆಗಳ ಕ್ಯಾಲೆಂಡರ್ ಬೇರೆ. ನನ್ನ ಮೊದಲ ಡಿಸೆಂಬರ್ 12ರಂದು ಬಾಡಿಗೆ ಕಟ್ಟಲು ಬ್ಯಾಂಕಿಗೆ ಹೋದರೆ ಬಾಗಿಲು ಹಾಕಿತ್ತು. ಎದುರಿನ ಫುಟ್‌ಪಾತಿನಲ್ಲಿ ಎರಡು ವರ್ಷದ ಹುಡುಗನೊಬ್ಬ ನಿಂತಿದ್ದ. ಮೂಗಿನ ಕೆಳಗೆ ಕಪ್ಪು ಮೀಸೆ ಬರೆದಿದ್ದರು, ಬೆನ್ನಿಗೆ ಪುಟ್ಟ ಬುಟ್ಟಿ ಕಟ್ಟಿದ್ದರು. ನಮ್ಮ ಕೃಷ್ಣ ವೇಷದ ಮಕ್ಕಳ ಹಾಗೆಯೇ ಅನ್ನಿ. ಅವನದ್ದು ಹುವಾನ್ ದಿಯೆಗೊ ವೇಷ. 1531ರಲ್ಲಿ ಈ ಬಡ ಮೂಲನಿವಾಸಿಗೆ ಗ್ವಾದಲೂಪೆ ಮಾತೆ, ಅಂದರೆ ಮೇರಿ ಮಾತೆ, ಗುಡ್ಡದ ಮೇಲೆ ಕಾಣಿಸಿಕೊಂಡಳು ಅಂತ ಇಲ್ಲಿನವರ ನಂಬಿಕೆ. ಡಿಸೆಂಬರ್ 12 ಆಕೆಯ ಹಬ್ಬ. ಬಾಡಿಗೆ ಒಂದು ದಿನ ತಡವಾಯ್ತು. ಮನೆಯಾಕೆ ಏನೂ ಅನ್ನಲಿಲ್ಲ, ಅವರೂ ಚರ್ಚಿನಲ್ಲೇ ಇದ್ದರು.

ನೀವು ಬಂದ ತಕ್ಷಣ ಸಿಗುವುದು ಸೆಪ್ಟೆಂಬರ್ 15ರ ರಾತ್ರಿ. 1810ರಲ್ಲಿ ಮಿಗೆಲ್ ಹಿದಾಲ್ಗೊ ಎಂಬ ಪಾದ್ರಿ ಚರ್ಚಿನ ಗಂಟೆ ಬಾರಿಸಿ ಸ್ಪೇನಿನ ಆಳ್ವಿಕೆ ವಿರುದ್ಧ ಜನರನ್ನು ಎಬ್ಬಿಸಿದ್ದರ ನೆನಪು. ರಜೆ ಮರುದಿನ, ಗದ್ದಲ ಮಾತ್ರ ಹಿಂದಿನ ರಾತ್ರಿಯೇ. ಚೌಕದಲ್ಲಿ ನಿಂತು "ವಿವಾ ಮೆಹಿಕೊ" ಅಂತ ಕೂಗಿ ಬನ್ನಿ, ಗಂಟಲು ಕಟ್ಟುತ್ತೆ, ಪರವಾಗಿಲ್ಲ. ಅಂದಹಾಗೆ ಅಮೆರಿಕದಲ್ಲಿರುವ ಗೆಳೆಯರು ಮೇ 5ನ್ನೇ ಮೆಕ್ಸಿಕೊ ಸ್ವಾತಂತ್ರ್ಯ ದಿನ ಅಂದುಕೊಂಡಿರುತ್ತಾರೆ. ಅಲ್ಲ. ಅದು 1862ರಲ್ಲಿ ಪ್ವೆಬ್ಲಾದಲ್ಲಿ ಫ್ರೆಂಚರನ್ನು ಸೋಲಿಸಿದ ದಿನ. ಇಲ್ಲಿ ಅವತ್ತು ಆಫೀಸಿಗೆ ಹೋಗಬೇಕು.

ಅಕ್ಟೋಬರ್ 12 ನಮ್ಮ ಊರಿನದೇ ಹಬ್ಬ. ಊರಿಗೆ ಅಂಟಿಕೊಂಡೇ ಇರುವ ಸಪೋಪಾನಿನ ಮೇರಿ ಮಾತೆಯ ಮೂರ್ತಿ ಒಂದೂವರೆ ಗೇಣು ಇದ್ದರೆ ಹೆಚ್ಚು, ಅದೂ ಜೋಳದ ದಂಟಿನ ಹಿಟ್ಟಿನಲ್ಲಿ ಮಾಡಿದ್ದು. ಮಳೆಗಾಲದಲ್ಲಿ ಅದು ಊರಿನ ಚರ್ಚುಗಳಿಗೆಲ್ಲ ಹೋಗಿ ಬರುತ್ತದೆ. ನಮ್ಮ ಉತ್ಸವಮೂರ್ತಿ ನೆನಪಾಗುತ್ತೆ ಅಲ್ವಾ? ಕೊನೆಗೆ ಅಕ್ಟೋಬರ್ 12ರ ಬೆಳಗಿನ ಜಾವ ದೊಡ್ಡ ಚರ್ಚಿನಿಂದ ಸಪೋಪಾನಿನ ತನ್ನ ಗುಡಿಗೆ ವಾಪಸ್ ಹೊರಡುತ್ತದೆ. ಮೂರ್ತಿ ಇಟ್ಟ ಕಾರನ್ನು ತೇರಿನಂತೆ ಹಗ್ಗ ಹಿಡಿದು ಎಳೆಯುತ್ತಾರೆ. ತಲೆಗೆ ಗರಿ, ಕಾಲಿಗೆ ಒಣಕಾಯಿಯ ಗೆಜ್ಜೆ ಕಟ್ಟಿದ ಸಾವಿರಾರು ಜನ ಕುಣಿಯುತ್ತ ಮುಂದೆ ಹೋಗುತ್ತಾರೆ. 2018ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ನಾಲ್ಕೂವರೆಗೇ ಎದ್ದು ಹೋಗಿ. ಕಾರು ಬೇಡ.

ಇನ್ನು ನವೆಂಬರ್ 1 ಮತ್ತು 2, ಸತ್ತವರ ದಿನ. ಹೊರಗಿನವರು ತಲೆಬುರುಡೆ ಅಲಂಕಾರ ನೋಡಿ ಇದೇನೋ ಭೂತದ ಹಬ್ಬ ಅಂದುಕೊಳ್ಳುತ್ತಾರೆ. ನಮಗೆ ವಿವರಿಸುವುದೇ ಬೇಡ: ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅದೇ. ಮನೆಯಲ್ಲಿ ಮೆಟ್ಟಿಲಿನ ಹಾಗೆ ಮೇಜು ಜೋಡಿಸಿ ಫೋಟೋ, ಮೇಣದಬತ್ತಿ, ಒಂದು ಲೋಟ ನೀರು, ಉಪ್ಪು, ಸತ್ತವರಿಗೆ ಇಷ್ಟವಾದ ತಿಂಡಿ ಇಡುತ್ತಾರೆ. ಧೂಪ ಹಾಕುತ್ತಾರೆ. ಮೊದಲ ದಿನ ತೀರಿಹೋದ ಮಕ್ಕಳಿಗೆ, ಎರಡನೇ ದಿನ ದೊಡ್ಡವರಿಗೆ. ಬಾಗಿಲಿನಿಂದ ಎಡೆಯವರೆಗೆ ಹೂವಿನ ಎಸಳಿನ ದಾರಿ. ಯಾವ ಹೂವು ಗೊತ್ತಾ? ಚೆಂಡು ಹೂವು! ಆಯುಧಪೂಜೆಗೆ ನಾವು ಲಾರಿಗೆ ಕಟ್ಟುವ ಅದೇ ಹೂವು. ಅದರ ತವರು ಈ ದೇಶವೇ. ಇಲ್ಲಿನ ಹೆಸರು ಸೆಂಪಸೂಚಿಲ್.

ನಾನು ಬಂದ ಮೂರನೇ ವರ್ಷ ಪಕ್ಕದ ಮನೆ ಸೆನ್ಯೋರಾ "ನಿಮ್ಮ ಅಪ್ಪನ ಫೋಟೋ ಕೊಡಿ, ಒಬ್ಬರೇ ಯಾಕೆ ಇರಬೇಕು" ಅಂದರು. ಅವರಿಗೆ ಏನು ಇಷ್ಟ ಅಂತಲೂ ಕೇಳಿದರು. ಅಪ್ಪ ದಾವಣಗೆರೆಯವರು, ಮಂಡಕ್ಕಿ ಮಿರ್ಚಿ ಇದ್ದರೆ ಬೇರೇನೂ ಬೇಡ. ಮಂಡಕ್ಕಿ ಸಿಗಲಿಲ್ಲ. ಹಲಪೇನ್ಯೊ ಮೆಣಸಿನಕಾಯಿ ಸೀಳಿ, ಕಡಲೆಹಿಟ್ಟಿನಲ್ಲಿ ಅದ್ದಿ ಮಿರ್ಚಿ ಕರಿದು ಒಯ್ದೆ. ಅವರ ಗಂಡನ ಟಕೀಲಾ ಬಾಟಲಿಗೂ ಸಿಗರೇಟಿಗೂ ನಡುವೆ, ಜನ್ಮದಲ್ಲಿ ಹನಿ ಮುಟ್ಟದ ನಮ್ಮಪ್ಪ ಟೋಪಿ ಹಾಕಿಕೊಂಡು ಕೂತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು.

ಡಿಸೆಂಬರಿನಲ್ಲಿ ಆಫೀಸಿನ ಕೆಲಸ ಏನಾದರೂ ಇದ್ದರೆ 12ರ ಒಳಗೆ ಮುಗಿಸಿಕೊಳ್ಳಿ. ಅಲ್ಲಿಂದ ಜನವರಿ 6ರ 'ರೇಯೆಸ್', ಅಂದರೆ ಮೂವರು ರಾಜರ ಹಬ್ಬದವರೆಗಿನ ದಿನಗಳಿಗೆ ಜನ ತಮಾಷೆಗೆ 'ಗ್ವಾದಲೂಪೆ–ರೇಯೆಸ್ ಮ್ಯಾರಥಾನ್' ಅನ್ನುತ್ತಾರೆ. ದಿನಾ ಒಂದು ಪಾರ್ಟಿ. 20ರೊಳಗೆ ಕಂಪನಿ ಕನಿಷ್ಠ 15 ದಿನದ ಸಂಬಳ ಬೋನಸ್ ಕೊಡಲೇಬೇಕು, ಅದು ಕಾನೂನು. ಸೆಪ್ಟೆಂಬರಿನಲ್ಲಿ ಸೇರುವ ನಿಮಗೆ ಅಷ್ಟು ತಿಂಗಳ ಲೆಕ್ಕದಲ್ಲಿ ಬರುತ್ತೆ. 28ರಂದು ಯಾರಾದರೂ ಸಾಲ ಕೇಳಿದರೆ ಕೊಡಬೇಡಿ. ಅದು ಇಲ್ಲಿನ ಏಪ್ರಿಲ್ ಫೂಲ್, ಕೊಟ್ಟದ್ದು ವಾಪಸ್ ಬರಲ್ಲ.

ಜನವರಿ 6ರಂದು ಆಫೀಸಿನಲ್ಲಿ ಉಂಗುರದ ಆಕಾರದ ದೊಡ್ಡ ಬ್ರೆಡ್ಡು ಕತ್ತರಿಸುತ್ತಾರೆ. ಒಳಗೆ ಪುಟ್ಟ ಪ್ಲಾಸ್ಟಿಕ್ ಮಗು ಇರುತ್ತದೆ. ಅದು ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ ತಿನ್ನಿಸಬೇಕು. ಮೊದಲ ವರ್ಷವೇ ನನ್ನ ಹಲ್ಲಿಗೆ ಕಟಕ್ ಅಂತ ಸಿಕ್ಕಿತು. ಕರವಸ್ತ್ರದಲ್ಲಿ ಮುಚ್ಚಿಡಲು ನೋಡಿದೆ, ಪಕ್ಕದವಳು ಬಿಡಲಿಲ್ಲ. ನೀವು ಸಸ್ಯಾಹಾರಿ ಅಂದಿದ್ದೀರಿ, ಹಾಗಾಗಿ ಇದು ನೆನಪಿರಲಿ: ತಮಾಲೆ ನೋಡಲು ನಮ್ಮ ಎಲೆ ಕಡುಬಿನ ಹಾಗೆ. ಒಳಗೆ ಬರೀ ಮೆಣಸಿನಕಾಯಿ, ಚೀಸ್ ಇದ್ದರೂ ಹಿಟ್ಟಿಗೇ ಹಂದಿ ಕೊಬ್ಬು ಬೆರೆಸಿರುತ್ತಾರೆ. "ಸಿನ್ ಮಾಂತೇಕಾ?", ಅಂದರೆ ಹಂದಿ ಕೊಬ್ಬು ಇಲ್ಲದ್ದಾ, ಅಂತ ಕೇಳಿಯೇ ತಿನ್ನಿ.

ಈಸ್ಟರ್ ವಾರ ಕಡಲತೀರಕ್ಕೆ ಹೋಗಬೇಡಿ, ದೇಶವೇ ಅಲ್ಲಿರುತ್ತೆ. ಮೇ 10 ತಾಯಂದಿರ ದಿನ. ಯಾವ ವಾರವೇ ಬರಲಿ ತಾರೀಕು ಬದಲಾಗಲ್ಲ. ಅವತ್ತು ಹೋಟೆಲಿನಲ್ಲಿ ಜಾಗ ಸಿಗಲ್ಲ.

ದೀಪಾವಳಿಗೆ ರಜೆ ಇಲ್ಲ. ನಿಮ್ಮ ಸ್ವಂತ ರಜೆಯಲ್ಲೇ ತೆಗೆದುಕೊಳ್ಳಬೇಕು. 2023ರಿಂದ ಒಂದು ವರ್ಷ ಪೂರೈಸಿದವರಿಗೆ ಕನಿಷ್ಠ 12 ದಿನ ಕೊಡುತ್ತಾರೆ. ಮೊದಲ ದೀಪಾವಳಿ ಆಫೀಸು ಮುಗಿಸಿ ಸಂಜೆ ದೀಪ ಹಚ್ಚಿದಷ್ಟೇ. ಪಟಾಕಿ ಸದ್ದಿಗೇನೂ ಕೊರತೆ ಇರಲ್ಲ, ಯಾವುದೋ ಬೀದಿಯ ಸಂತರ ಹಬ್ಬ ಅಂತ ಬೆಳಗ್ಗೆ ಐದಕ್ಕೇ ಹೊಡೆಯುತ್ತಾರೆ.

ಅಂದಹಾಗೆ ನೀವು ಹುಬ್ಬಳ್ಳಿಯವರು, ಮಿರ್ಚಿ ಕರಿಯೋದು ಬರುತ್ತೆ ಅಲ್ವಾ? ನವೆಂಬರ್ 1ರ ಸಂಜೆ ಇಬ್ಬರೂ ಮನೆಗೆ ಬನ್ನಿ. ಹಲಪೇನ್ಯೊ ನಾನು ತಂದಿಟ್ಟಿರುತ್ತೇನೆ.